ತಡಿಯಣ್ಣ ನಿಲ್ಲಿಸಿಟ್ಟು ಹೋದದ್ದು

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು.

ರಾತ್ರಿ ಒಂಬತ್ತಾಗಿತ್ತು. ಆಫೀಸಿನಿಂದ ನಡೆದುಕೊಂಡು ಮನೆಗೆ ಹೊರಟಿದ್ದಳು. ದಾರಿಯಲ್ಲಿ ಒಂದು ಹಾಳು ಬಾವಿ, ಬಾಯಿಗೆ ತಗಡು ಮುಚ್ಚಿದ್ದಾರೆ. ಅದರ ಪಕ್ಕಕ್ಕೆ ಬಂದಾಗ ತಗಡಿನ ಕೆಳಗಿಂದ ಸದ್ದು... ಟಕ್. ಟಕ್. ನೀರು ತೊಟ್ಟಿಕ್ಕಿದ್ದಲ್ಲ. ಕಂಪ್ಯೂಟರಿನ ಎಂಟರ್ ಕೀಲಿಯನ್ನು ಎರಡು ಸಲ ಒತ್ತಿದ ಸದ್ದು. ಹಾಗೆ ಎರಡೆರಡು ಸಲ ಒತ್ತುತ್ತಿದ್ದವರು ಆಫೀಸಿನಲ್ಲಿ ಒಬ್ಬರೇ. ಅವರು ಸತ್ತು ತಿಂಗಳಾಗಿತ್ತು.

ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಗುಂಯ್ ಎಂದಿತು. ಆಫೀಸಿನ ಕಂಪ್ಯೂಟರಿನಲ್ಲಿ ತಾವಾಗಿ ಓಡಲಿ ಎಂದು ಬಿಟ್ಟು ಬಂದಿದ್ದ ಪರೀಕ್ಷೆಗಳು ನಡುವೆಯೇ ನಿಂತಿವೆಯಂತೆ... ಯಾರದೋ ಅಪ್ಪಣೆಗೆ ಕಾಯುತ್ತಿವೆಯಂತೆ.

ಅವಳ ಎದೆ ಧಸಕ್ ಎಂದಿತು. ಯಾಕೆ ಅಂತ ಹೇಳುತ್ತೇನೆ.

ಅವರ ಆಫೀಸಿನಲ್ಲಿ ಆಸ್ಪತ್ರೆಯ ಗಂಟೆಗೆ ಪ್ರೋಗ್ರಾಂ ಬರೆಯುತ್ತಾರೆ. ರೋಗಿ ಗುಂಡಿ ಒತ್ತಿದರೆ ನರ್ಸಮ್ಮನ ಮೇಜಿನ ಮೇಲೆ ಗಂಟೆ ಬಾರಿಸಬೇಕು, ಅಷ್ಟೇ. ಅದು ಸರಿಯಾಗಿದೆಯೇ ಎಂದು ನೋಡುವ ನಲವತ್ತು ಪರೀಕ್ಷೆಗಳೂ ಪ್ರೋಗ್ರಾಮುಗಳೇ. ಅವನ್ನೆಲ್ಲ ಬರೆದವರು ತಡಿಯಣ್ಣ. ಹೆಸರು ಬೇರೆ ಇತ್ತು, ಆದರೆ ಏನು ಕೇಳಿದರೂ "ತಡಿ, ತಡಿ" ಅನ್ನುತ್ತಿದ್ದರಲ್ಲ, ಎಲ್ಲರ ಬಾಯಲ್ಲೂ ತಡಿಯಣ್ಣನೇ ಆಗಿಹೋದರು. ಅವರ ಬಲಗೈ ಎಂದರೆ ಡಿಬಗ್ಗರ್. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ಗಕ್ಕನೆ ನಿಲ್ಲಿಸಿ, ಒಳಗೆ ಏನಿದೆ ಎಂದು ಒಂದೊಂದಾಗಿ ಕೇಳುವ ಸಾಧನ ಅದು. ಮುಂದೆ ಹೋಗು ಎನ್ನುವವರೆಗೂ ಅದು ಅಲ್ಲೇ ನಿಂತಿರುತ್ತದೆ.

ಕರೆಂಟು ಹೋಗಿ ಬಂದ ಮೇಲೂ ಗಂಟೆ ಬಾರಿಸುತ್ತದೆಯೇ ಎಂಬ ಪರೀಕ್ಷೆಯೊಂದು ಆಗೊಮ್ಮೆ ಈಗೊಮ್ಮೆ ಸೋಲುತ್ತಿತ್ತು. ಒಂದು ಸಂಜೆ ತಡಿಯಣ್ಣ ಅದನ್ನು ಸೋಲುವ ಗಳಿಗೆಯಲ್ಲೇ ಹಿಡಿದು ನಿಲ್ಲಿಸಿದರು.

"ಸಿಕ್ಕಿಬಿತ್ತು ನೋಡು. ಟೀ ಕುಡಿದು ಬರ್ತೀನಿ. ಮುಟ್ಬೇಡ, ಹಾಗೇ ನಿಂತಿರ್ಲಿ."

ಆ ರಾತ್ರಿಯೇ ಪ್ರೋಗ್ರಾಂ ಆಸ್ಪತ್ರೆಗಳಿಗೆ ಹೋಗಬೇಕಿತ್ತು. ಒಂದು ಪರೀಕ್ಷೆ ಸೋತರೂ ಕಳಿಸುವಂತಿರಲಿಲ್ಲ. ಹೋಗದಿದ್ದರೆ ಬೈಗುಳ ಇವಳಿಗೆ. ಗಡಿಯಾರ ನೋಡಿದಳು, ನಾಲ್ಕು ಇಪ್ಪತ್ತು. ಅವರ ಕಂಪ್ಯೂಟರಿನಲ್ಲೇ ಡಿಬಗ್ಗರ್ ಮುಚ್ಚಿದಳು. ಆ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗು ಎಂದು ಒಂದು ಸಾಲು ಬರೆದು ಸೇರಿಸಿದಳು. ದಾಖಲೆಯಲ್ಲಿ ಬಿದ್ದದ್ದು ಅವರ ಹೆಸರು. ತಡಿಯಣ್ಣ ವಾಪಸು ಬಂದಾಗ, "ಕಂಪ್ಯೂಟರ್ ತಾನಾಗೇ ಆಫ್ ಆಯ್ತಣ್ಣ" ಎಂದಳು. ಪಾಪ, ನಂಬಿದರು. ಇನ್ನೊಮ್ಮೆ ಹಿಡಿಯಲು ಕೂತರು, ಅಂದು ಅದು ಸಿಗಲಿಲ್ಲ. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಒಂದು ಬಿಟ್ಟಿದೆ' ಎಂದಿದ್ದದ್ದನ್ನು ಯಾರೂ ಓದಲಿಲ್ಲ.

ಮೂರು ವಾರಕ್ಕೆ ಒಂದು ಆಸ್ಪತ್ರೆಯಲ್ಲಿ ಕರೆಂಟು ಹೋಗಿ ಬಂತು, ಗಂಟೆ ಬಾರಿಸಲಿಲ್ಲ. ನರ್ಸಮ್ಮ ಬೇರೆ ಕೆಲಸಕ್ಕೆಂದು ಆ ಕೋಣೆಗೆ ಹೋದದ್ದರಿಂದ ರೋಗಿ ಉಳಿದ. ಪರೀಕ್ಷೆ ತೆಗೆದದ್ದು ಅವರೇ ಎಂದು ತಡಿಯಣ್ಣನ ಕೆಲಸ ಹೋಯಿತು. ಆ ಕೊರಗಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ಅವರ ಹೆಂಡತಿ ಇವಳ ಕೈ ಹಿಡಿದು, "ಅವರು ಅಂಥ ಕೆಲಸ ಮಾಡೋರಲ್ಲ ಅಂತ ನಿನಗಾದ್ರೂ ಗೊತ್ತಲ್ವೇನಮ್ಮ?" ಎಂದರಂತೆ. ಇವಳು ತಲೆ ತಗ್ಗಿಸಿ ನಿಂತಳು. ಅಂದಿನಿಂದ ತಿಂದದ್ದು ಮೈಗೆ ಹತ್ತಿರಲಿಲ್ಲ.

ಸರಿ... ಬಾವಿಯ ಹತ್ತಿರದಿಂದ ಹಿಂದಕ್ಕೆ ಓಡಿದಳು. ಬಾಗಿಲಲ್ಲಿ ಕಾವಲಿನವನಿದ್ದ.

"ಮೇಲೆ ಯಾರಾದ್ರೂ ಇದ್ದಾರಾ?" ಪಿಸುಗುಟ್ಟಿದಳು.

"ಯಾರೂ ಇಲ್ಲ ಮೇಡಂ. ಕೊನೆಗೆ ಇಳಿದಿದ್ದು ನೀವೇ."

ಮೇಲೆ ಕತ್ತಲೆ. ಅವಳ ಪರದೆಯೊಂದೇ ಬೆಳಗುತ್ತಿತ್ತು. ಡಿಬಗ್ಗರ್ ತೆರೆದಿತ್ತು, ಅವಳು ತೆರೆದದ್ದಲ್ಲ. ನಿಂತದ್ದು ಅದೇ ಪರೀಕ್ಷೆಯಲ್ಲಿ... ಅದೇ ಸಾಲಿನಲ್ಲಿ. ಒಂದೊಂದಾಗಿ ಕೇಳಿ ನೋಡಿದಳು. ಕರೆಂಟು ಬಂತೇ? ಬಂತು. ಗಂಟೆ ಬಾರಿಸಿತೇ? ಇಲ್ಲ. ಆ ದೋಷವನ್ನು ಅವಳೇ ಕೈಯಾರೆ ಸರಿಮಾಡಿ ಮೂರು ತಿಂಗಳಾಗಿತ್ತು.

ಮುಂದೆ ಹೋಗು ಎಂದು ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ಊಹೂಂ.

ಹಿಂದೆ, ಈಗ ಯಾರೂ ಕೂರದ ತಡಿಯಣ್ಣನ ಮೇಜಿನ ಕಡೆಯಿಂದ... ಕಿರ್ರ್. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ... ಟಕ್. ಟಕ್.

ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಅಣ್ಣಾ... ತಪ್ಪಾಯ್ತು. ನಾನೇ ಮಾಡಿದ್ದು," ಎಂದಳು. ಪರದೆ ಅಲುಗಲಿಲ್ಲ. ಖಾಲಿ ಕೋಣೆಯಲ್ಲಿ ಹೇಳಿದರೆ ಯಾರಿಗೆ ಬಂತು?

ಕೊನೆಗೆ ಇಮೇಲ್ ಬರೆದಳು. ಯಜಮಾನರಿಗೆ, ಆಫೀಸಿನ ಎಲ್ಲರಿಗೆ. ಪರೀಕ್ಷೆ ತೆಗೆದದ್ದು ನಾನು, ಅವರ ಕಂಪ್ಯೂಟರಿನಿಂದ, ಅವರು ಟೀಗೆ ಹೋಗಿದ್ದಾಗ. ಕಳಿಸಿದಾಗ ಗಂಟೆ ಒಂಬತ್ತೂ ಐವತ್ತು.

ಟಕ್... ಟಕ್.

ಪರೀಕ್ಷೆ ಮುಂದಕ್ಕೆ ಓಡಿತು. ತಡಿಯಣ್ಣ ಪರೀಕ್ಷೆಗೆಂದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದ ಗಂಟೆ, ಟ್ರಿಣ್ ಎಂದು ಒಂದೇ ಸಲ ಬಾರಿಸಿ ಸುಮ್ಮನಾಯಿತು.

ಬೆಳಿಗ್ಗೆ ಅವರ ಹೆಂಡತಿಯ ಮನೆಗೆ ಹೋಗಿ ಎಲ್ಲ ಹೇಳಿದಳು. ಆಕೆ ಬೈಯಲಿಲ್ಲ, ಅಳಲಿಲ್ಲ. "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನಮ್ಮ?" ಎಂದು ಕೇಳಿ ಒಳಗೆ ಹೋದರು. ಅದೊಂದು ಮಾತು ಇವಳನ್ನು ಇವತ್ತಿಗೂ ತಿನ್ನುತ್ತಿದೆ. ಕೆಲಸ ಹೋಯಿತು, ಅದು ಲೆಕ್ಕಕ್ಕಿಲ್ಲ.

ಆ ರಾತ್ರಿಯ ವರದಿ ಅವಳ ಬೀರುವಿನಲ್ಲಿದೆ. ಪ್ರತಿ ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಎಂದು ಅದರಲ್ಲಿ ಬರೆದಿರುತ್ತದೆ. ಬೇರೆಯವಕ್ಕೆಲ್ಲ ಎರಡು ಸೆಕೆಂಡು, ಮೂರು ಸೆಕೆಂಡು. ಅದೊಂದಕ್ಕೆ ಮಾತ್ರ ನೂರ ಮೂವತ್ತೊಂದು ದಿನ, ಐದೂವರೆ ಗಂಟೆ. ಹಿಂದಕ್ಕೆ ಎಣಿಸಿದರೆ ಸರಿಯಾಗಿ ಆ ಸಂಜೆಯ ನಾಲ್ಕು ಇಪ್ಪತ್ತು. ಗಡಿಯಾರ ಕೆಟ್ಟಿರಬೇಕು ಅಂದರು ಯಜಮಾನರು. ಅನ್ನಲಿ. ಆ ವರದಿಯನ್ನು ನಾನೇ ಕೈಯಲ್ಲಿ ಹಿಡಿದು ಓದಿದ್ದೇನೆ, ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ? ಇನ್ನೊಂದು ಮಾತು... ಅವಳ ಮೇಜಿನ ಆ ಕಂಪ್ಯೂಟರು ಹೊಸದು. ಆಫೀಸಿಗೆ ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.