ಶಿಲುಬೆ ದಿಬ್ಬದ ಬೆಳಕಿನ ಬಗ್ಗೆ ಲಿಯೋನಿ ಫಾಬ್ರೆಗ್ ಕೊಟ್ಟ ಹೇಳಿಕೆ

ನಾನು ಲಿಯೋನಿ ಫಾಬ್ರೆಗ್, ಗಂಡ ಎಲೋಯಿ ಫಾಬ್ರೆಗ್, ವಯಸ್ಸು ನಲವತ್ತೊಂಬತ್ತು, ಕಸುಬು ಕುರಿ ಸಾಕಣೆ, ವಾಸ ಲಾ ಸೆರ್ ಗ್ರಾಮ, ಅವೇರೋಂ ಜಿಲ್ಲೆ, ಫ್ರಾನ್ಸ್. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಳೆದ ನವೆಂಬರ್ 14ರ ಸಂಜೆ ನಮ್ಮೂರಿನ ಆಕಾಶದಲ್ಲಿ ಕಂಡಿತೆನ್ನಲಾದ ಬೆಳಕಿಗೆ ನನ್ನ ಗಂಡ ಮತ್ತು ವಿಧವೆ ಸೋಲಾಂಜ್ ರೂಕೆತ್ ಇಬ್ಬರು ಸಾಕ್ಷಿಗಳು. ಬರುವ ಗುರುವಾರ ಇವರಿಬ್ಬರನ್ನೂ ಹೆಚ್ಚಿನ ವಿಚಾರಣೆಗೆಂದು ತುಲೂಸಿಗೆ ಕರೆಸಿಕೊಂಡು, ಸರ್ಕಾರದ ಖರ್ಚಿನಲ್ಲಿ ಎರಡು ದಿನ ಹೋಟೆಲಿನಲ್ಲಿ ಇಳಿಸುತ್ತಾರೆಂದು ತಿಳಿದುಬಂದಿದೆ. ಅದನ್ನು ತಡೆಯಬೇಕೆಂಬುದೇ ನನ್ನ ಕೋರಿಕೆ. ಕೋಣೆಗಳು ಬೇರೆ ಬೇರೆ ಎಂದು ಠಾಣಾಧಿಕಾರಿ ಬುಸ್ಕೆಯವರು ಸಮಾಧಾನ ಹೇಳಿದರು. ಕೋಣೆಗೆ ಬಾಗಿಲೂ ಇರುತ್ತದೆ ಎಂದು ನಾನು ಹೇಳಿದೆ.

ಆ ದಿನ ಸಂಜೆ ಐದೂವರೆಗೆ ನನ್ನ ಗಂಡನವರು ಒಂದು ಕುರಿ ತಪ್ಪಿಸಿಕೊಂಡಿದೆ ಎಂದು ಹೇಳಿ, ನಮ್ಮ ನಾಯಿ ಬ್ರಿಸ್ಕಾಳನ್ನು ಕರೆದುಕೊಂಡು ಮೇಲಿನ ಬಯಲಿಗೆ ಹೊರಟರು. ಹೊರಡುವ ಮುಂಚೆ ಗಡ್ಡ ಹೆರೆದುಕೊಂಡರು. ಕುರಿ ಹುಡುಕುವುದಕ್ಕೆ ಗಡ್ಡ ಯಾಕೆ ಹೆರೆಯಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಆರೂವರೆಯ ಹೊತ್ತಿಗೆ ತೆಳುವಾಗಿ ಮಂಜು ಇಳಿಯಿತು, ಒಲೆಯ ಮೇಲೆ ಸೂಪು ಎರಡನೇ ಸಲ ಕುದಿಯಿತು. ನಮ್ಮ ಕಡೆ ಮಂಜಿನಲ್ಲಿ ಮನೆಗೆ ಬಾರದವರಿಗಾಗಿ ಹೆಂಗಸರು ಕಲ್ಲು ಶಿಲುಬೆಯ ದಿಬ್ಬ ಹತ್ತಿ ದೀಪ ಆಡಿಸುವ ರೂಢಿಯಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದು ನಿಂತುಹೋಗಿದೆ. ನನ್ನ ಅತ್ತೆ ಕಡೆಯವರೆಗೂ ಮಾಡುತ್ತಿದ್ದರು. ನಾನು ಗ್ಯಾಸ್ ದೀಪ ಹಚ್ಚಿಕೊಂಡು ದಿಬ್ಬ ಹತ್ತಿದೆ, ತೋಳೆತ್ತಿ ಎಡಕ್ಕೂ ಬಲಕ್ಕೂ ಆಡಿಸಿದೆ. ಆಗ ಬ್ರಿಸ್ಕಾ ಬೊಗಳಿದ್ದು ಕೇಳಿತು. ದನಿ ಬಂದದ್ದು ಮೇಲಿನ ಬಯಲಿನಿಂದಲ್ಲ, ದಿಬ್ಬದ ಕೆಳಗೆ ಸೋಲಾಂಜಳ ಅಂಗಳದ ಕಡೆಯಿಂದ. ನಾನು ದೀಪ ಹಿಡಿದು ಹಾಗೆಯೇ ನಿಂತೆ, ಎಷ್ಟು ಹೊತ್ತೋ ಗೊತ್ತಿಲ್ಲ. ನಾಯಿ ಎಲ್ಲಿಗಾದರೂ ಹೋಗುತ್ತದೆ ಬಿಡು ಎಂದುಕೊಂಡು ದೀಪ ಆರಿಸಿ ಕತ್ತಲಲ್ಲೇ ಇಳಿದುಬಂದೆ.

ಮರುದಿನ ಸೋಲಾಂಜ್ ಠಾಣೆಗೆ ಫೋನ್ ಮಾಡಿ, ಚರ್ಚಿನ ಗೋಪುರದ ಎಡಕ್ಕೆ, ಆಕಾಶದಲ್ಲಿ ಕಿತ್ತಳೆ ಬಣ್ಣದ ಗೋಳ ತೂಗಾಡಿತು, ಆಮೇಲೆ ಸ್ತಬ್ಧವಾಗಿ ನಿಂತಿತು, ಆಮೇಲೆ ಫಕ್ಕನೆ ಮಾಯವಾಯಿತು ಎಂದಳು. ಒಂಟಿ ಹೆಂಗಸಿನ ಮಾತು ಯಾರು ನಂಬುತ್ತಾರೆ ಎಂದು ನನ್ನ ಗಂಡನವರು ತಾವೇ ಎದ್ದು ಹೋಗಿ, ಕುರಿ ಸಿಕ್ಕ ಮೇಲೆ ಕೆಳಗಿನ ದೊಡ್ಡಿಯಲ್ಲಿದ್ದೆ, ಅಲ್ಲಿಂದ ನಾನೂ ನೋಡಿದೆ ಎಂದು ಹೇಳಿಕೆ ಕೊಟ್ಟರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಒಂದು ಮಾತಿಗೂ ಅವರು ಸಾಕ್ಷಿ ನಿಂತವರಲ್ಲ.

ಐವತ್ತನಾಲ್ಕನೇ ಇಸವಿಯಲ್ಲಿ ನನ್ನ ತಂದೆ ಇಂಥದ್ದೇ ಏನೋ ಕಂಡೆನೆಂದಾಗ, ಎಷ್ಟು ಲೋಟ ಏರಿಸಿದ್ದೆ ಎಂದು ಕೇಳಿ ಠಾಣೆಯಿಂದ ಓಡಿಸಿದ್ದರು. ಈಗ ಸರ್ಕಾರ ಆಕಾಶದಲ್ಲಿ ಕಂಡ ಇಂಥ ವಿಚಿತ್ರಗಳ ತನಿಖೆಗೆಂದೇ ತುಲೂಸಿನಲ್ಲಿ ಕಚೇರಿ ತೆರೆದಿರುವುದರಿಂದ ಎಲ್ಲವನ್ನೂ ಬರೆದುಕೊಂಡು ಅಲ್ಲಿಗೆ ಕಳಿಸಬೇಕಂತೆ. ಕಳಿಸಿದ್ದೂ ಆಯಿತು. ಪತ್ರಿಕೆಯವರು ಬಂದು ಸಾಕ್ಷಿಗಳಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನಾನೂ ನಿಂತಿದ್ದೆ, ಅಚ್ಚಾದಾಗ ನನ್ನ ಮೊಣಕೈ ಮಾತ್ರ ಉಳಿದಿತ್ತು. ಸೋಲಾಂಜ್ ತನ್ನ ಗಂಡನ ಮಣ್ಣಿಗೆಂದು ಹೊಲಿಸಿದ ಕಪ್ಪು ಕೋಟು ತೊಟ್ಟಿದ್ದಳು. ಅದು ಅವಳಿಗೆ ಒಪ್ಪುತ್ತದೆ, ಇಲ್ಲವೆನ್ನುವುದಿಲ್ಲ. ಬ್ರೆಡ್ಡಿನ ವ್ಯಾನಿನ ಮುಂದೆ ಎಲ್ಲರೆದುರು ಅವಳು, "ನಿಂಗೇನೂ ಕಾಣ್ಲಿಲ್ವಾ ಲಿಯೋನಿ? ಹೋಗ್ಲಿ ಬಿಡೇ, ಅದಕ್ಕೂ ಋಣ ಇರ್ಬೇಕು" ಎಂದಳು. ನಾನು ಬ್ರೆಡ್ಡು ತೆಗೆದುಕೊಳ್ಳದೆ ಬಂದೆ.

ಡಿಸೆಂಬರ್ 12ರ ಬೆಳಿಗ್ಗೆ ತುಲೂಸಿನ ಇಂಜಿನಿಯರ್ ಅರ್ನಾಲ್ ಅವರು ದಿಕ್ಸೂಚಿ ಹಿಡಿದು ಬಂದರು. ಸಾಕ್ಷಿಗಳನ್ನು ಬೇರೆ ಬೇರೆ ಮಾಡಿ, ಅವರವರು ನಿಂತ ಜಾಗದಲ್ಲೇ ನಿಲ್ಲಿಸಿ, ಕಂಡ ಕಡೆಗೆ ತೋಳು ಚಾಚಿಸುವುದು ಅವರ ಪದ್ಧತಿ. ಎರಡು ಗೆರೆ ಕೂಡಿದ ಕಡೆ ವಸ್ತು ಇತ್ತೆಂದು ಲೆಕ್ಕ. ನಾನು ಕಾಫಿ ಫ್ಲಾಸ್ಕು ಹೊತ್ತು ಜೊತೆಗಿದ್ದೆ. ಸೋಲಾಂಜ್ ತನ್ನ ಅಂಗಳದಲ್ಲಿ ನಿಂತು, ಅಕ್ರೋಟು ಮರದ ಕೊಂಬೆಗಳ ನಡುವೆ, ಗೋಪುರಕ್ಕೆ ಒಂದು ಗೇಣು ಎಡಕ್ಕೆ ತೋರಿಸಿದಳು. ಅವಳ ಬೆರಳ ತುದಿಯಲ್ಲಿ ಶಿಲುಬೆಯ ದಿಬ್ಬವಿತ್ತು. ನಾನು ಅಂದು ನಿಂತ ಜಾಗ ಅದೇ.

ಅಲ್ಲಿಂದ ಗೋಪುರದ ನೇರದಲ್ಲೇ ಒಂಬೈನೂರು ಮೀಟರ್ ಹಿಂದಕ್ಕಿರುವ ನಮ್ಮ ಕೆಳಗಿನ ದೊಡ್ಡಿಗೆ ಹೋದೆವು. ನನ್ನ ಗಂಡನವರೂ ಗೋಪುರಕ್ಕೆ ಒಂದು ಗೇಣು ಎಡಕ್ಕೇ ಬೆರಳು ತೋರಿಸಿ, "ಕೊಂಬೆಗಳ ಮಧ್ಯ ಕಾಣಿಸ್ತು ಸ್ವಾಮಿ" ಎಂದರು. ಅಲ್ಲಿಂದ ಆ ಕಡೆ ಬರೀ ಆಕಾಶ. ಯಾವ ಕೊಂಬೆ ಎಂದು ಇಂಜಿನಿಯರರು ಕೇಳಿದ್ದಕ್ಕೆ, "ಇಲ್ಲೊಂದು ಮರ ಇತ್ತು, ಮೊನ್ನೆ ಕಡಿದು ಸೌದೆ ಮಾಡ್ದೆ" ಎಂದರು. ಆ ದೊಡ್ಡಿಯ ಬಳಿ ನಾನು ಬಂದ ಲಾಗಾಯ್ತು ಒಂದು ಮುಳ್ಳುಕಡ್ಡಿಯೂ ಬೆಳೆದಿಲ್ಲ. ಇಲ್ಲಿಂದ ಮುಂದೆ ಗಂಡನವರು ಎಂದು ಬೇಡ, ಅವನು ಎಂದೇ ಬರೆದುಕೊಳ್ಳಿ ಎಂದು ಬುಸ್ಕೆಯವರಿಗೆ ಹೇಳಿದ್ದೇನೆ.

ಅವನು ಆ ಸಂಜೆ ಅವಳ ಅಂಗಳದಲ್ಲಿದ್ದ. ಅಲ್ಲಿ ಕಂಡದ್ದನ್ನು ದೊಡ್ಡಿಯಲ್ಲಿ ನಿಂತು ಒಪ್ಪಿಸಿದ. ಇಂಜಿನಿಯರರ ಎರಡು ಗೆರೆ ರೈಲು ಕಂಬಿಯ ಹಾಗೆ ಅಕ್ಕಪಕ್ಕ ಹೋಗುತ್ತವೆ, ಹತ್ತಾರು ಕಿಲೋಮೀಟರ್ ಹೋದರೂ ಕೂಡುವುದಿಲ್ಲ. ಅಷ್ಟು ದೂರದ್ದು ಅಷ್ಟು ದೊಡ್ಡದಾಗಿ ಕಂಡಿದ್ದರೆ ಅದು ನಮ್ಮ ಊರಿಗಿಂತ ದೊಡ್ಡದಿರಬೇಕೆಂದು ಅವರು ನಿದ್ದೆಗೆಟ್ಟಿದ್ದಾರಂತೆ. ಪಾಪ, ಅವರದೇನೂ ತಪ್ಪಿಲ್ಲ. ಗೆರೆ ಒಂದೇ. ಗಂಡಸು ಹೆಂಗಸು ಇಬ್ಬರೂ ಒಂದೇ ಮರದ ಕೆಳಗಿದ್ದರು.

ಇದನ್ನು ಒಂದು ತಿಂಗಳಿಗೂ ಹೆಚ್ಚು ನುಂಗಿಕೊಂಡಿದ್ದೆ. ನಿನ್ನೆ ಅವನು ತುಲೂಸಿಗೆಂದು ಮದುವೆಯ ಬೂಟಿಗೆ ಪಾಲಿಶ್ ಹಾಕುತ್ತಾ, "ನಿಂಗೆ ಹೊಟ್ಟೆಕಿಚ್ಚು ಕಣೇ. ಇಂಥದ್ದು ಎಲ್ಲರ ಪಾಲಿಗೆ ಬರಲ್ಲ" ಎಂದ. ಅದಕ್ಕೇ ಬಂದೆ.

ಆ ವಸ್ತು ನಾನು. ದೀಪ ತಂದಿದ್ದೇನೆ, ಬುಸ್ಕೆಯವರ ಮೇಜಿನ ಮೇಲಿದೆ. ತುಲೂಸಿನವರು ಯಾರನ್ನಾದರೂ ಕರೆಸಲೇಬೇಕಿದ್ದರೆ ನನ್ನನ್ನು ಕರೆಸಲಿ. ಅವನ ತಾಯಿ ಅವನ ತಂದೆಗಾಗಿ ಆಡಿಸುತ್ತಿದ್ದ ದೀಪವನ್ನು ನೋಡಿಯೇ ಅವನು ಬೆಳೆದದ್ದು. ಆ ದೀಪ ಈ ಸಲ ತನಗಾಗಿ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ. ಬೇರೆ ಲೋಕದಿಂದ ಬಂದಿರಬೇಕು ಎಂದು ಹೊಳೆಯಿತು.

ಇದನ್ನು ನನಗೆ ಓದಿ ಹೇಳಿದ್ದಾರೆ, ಹೇಳಿದಂತೆಯೇ ಬರೆದಿದ್ದಾರೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೀರಾ ಎಂದು ಬುಸ್ಕೆಯವರು ಕೇಳಿದರು. ಹೌದು, ಹೊಟ್ಟೆಕಿಚ್ಚಿನಿಂದಲೇ. ಆದರೆ ಇದರಲ್ಲಿ ಸುಳ್ಳು ಒಂದೂ ಇಲ್ಲವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಲಾ ಸೆರ್ ಠಾಣೆ
ದಿನಾಂಕ: 21 ಜನವರಿ 1980
(ಸಹಿ) ಲಿಯೋನಿ ಫಾಬ್ರೆಗ್