ಕಲ್ಲಿನ ತೆನೆ

ಏಳ್ಬೇಡ, ಏಳ್ಬೇಡ, ಮಲ್ಕೊಂಡೇ ಇರು ಲಕ್ಷ್ಮೀಶ. ಬಾಯಿ ಬಿಡಂಗಿಲ್ಲ, ದವಡೆಗೆ ಮೇಲೂ ಕೆಳಗೂ ತಂತಿ ಹಾಕಿ ಬಿಗಿದಿದಾರೆ ಅಂತ ನಿನ್ ಹೆಂಡ್ತಿ ಭಾಗ್ಯಮ್ಮ ಬಾಗ್ಲಲ್ಲೇ ಹೇಳಿದ್ರು. ನನ್ನ ಒಳಗೆ ಬಿಡೋಕೆ ಅವ್ರಿಗೆ ಮನಸ್ಸಿರ್ಲಿಲ್ಲ ಬಿಡು. ನಾನೇ ಚಪ್ಲಿ ಕಳಚಿ ನುಗ್ಗಿಬಿಟ್ಟೆ. ಸ್ಕೂಲ್ ದಿನದಿಂದ ಬರ್ತಿರೋ ಮನೆ, ಶ್ರೀರಾಂಪುರದ ಈ ಬೀದಿ ನಾಯಿಗೂ ನನ್ನ ಗುರುತಿದೆ. ಇವತ್ತು ಹೊಸದಾಗಿ ಬಾಗ್ಲು ತಟ್ಟಿ, ಕಾಟನ್‌ಪೇಟೆ ಗೋಣಿಚೀಲದ ಅಂಗಡಿ ಶಂಭುಲಿಂಗಪ್ಪ ಬಂದಿದೀನಿ ಅಂತ ಹೆಸ್ರು ಹೇಳ್ಬೇಕಾ?

ಯಾಕೆ ನಗ್ತಿದೀಯಾ? ನಗ್ಬೇಡ ಮಾರಾಯ, ನೋವಾಗುತ್ತೆ... ನಗ್ತಿಲ್ವಾ? ಓ, ಊತಕ್ಕೆ ತುಟಿ ಹಂಗೆ ಸೊಟ್ಟಗಾಗಿದ್ಯಾ. ಸರಿ, ಸರಿ.

ಎಳನೀರು ತಂದಿದೀನಿ. ಹಲ್ಲು ಹೋಗಿರೋ ಸಂದೀಲಿ ಸ್ಟ್ರಾ ತೂರಿಸಿದ್ರೆ ಆಯ್ತು. ಆ ಸಂದಿ ಮಾಡ್ಕೊಟ್ಟಿದ್ದೂ ನಾನೇ ಅಲ್ವಾ... ತಮಾಷೆ ಕಣೋ. ನಿನ್ ಜೊತೆ ತಮಾಷೆ ಮಾಡ್ದೆ ಇನ್ಯಾರ ಜೊತೆ ಮಾಡ್ಲಿ? ಬೇಡ್ವಾ? ಇಲ್ಲೇ ಇಟ್ಟಿರ್ತೀನಿ, ಆಮೇಲೆ ಕುಡಿ.

ನೋಡು, ಮಧ್ಯಾಹ್ನ ಪೊಲೀಸ್ನೋರು ಬರ್ತಾರಂತೆ. ನಿತೀಶ ಕಂಪ್ಲೇಂಟ್ ಕೊಟ್ಟಿದಾನೆ. ಮಗ ಅಲ್ವಾ, ಅಪ್ಪನ ಮುಖ ಹಿಂಗೆ ಕುಂಬಳಕಾಯಿ ಆಗಿದ್ರೆ ಸುಮ್ನಿರ್ತಾನಾ. ನೀನು ಮಾತಾಡೋ ಸ್ಥಿತೀಲಿಲ್ಲ, ಅದಕ್ಕೆ ನಿನ್ ಕೈಲೇ ಬರೆಸ್ಕೊಂಡು ಹೋಗ್ತಾರೆ. ಅದಕ್ಕೇ ನಾನು ಮುಂಚೆ ಓಡಿಬಂದೆ. ಸ್ಟೇಜ್ ಹಿಂದಿನ ಆ ರೂಮಲ್ಲಿ ಇದ್ದಿದ್ದು ನಾವಿಬ್ರೇ. ಇಬ್ರೂ ಒಂದೇ ಥರ ಹೇಳ್ಬಿಟ್ರೆ ಮುಗೀತು. ನಾನು ಹೇಳ್ತಾ ಹೋಗ್ತೀನಿ, ನೀನು ತಲೆ ಆಡ್ಸು. ಕುತ್ತಿಗೆಗೇನೂ ಆಗಿಲ್ವಲ್ಲ? ಹಾಂ, ಮತ್ತೆ.

ಹೋದ ಭಾನುವಾರ ಚಾಮರಾಜಪೇಟೇಲಿ ನನ್ನ ಉಪನ್ಯಾಸ. ಕೊಲಂಬಸ್ಸಿಗಿಂತ ಎಷ್ಟೋ ಮುಂಚೆ ಅಮೆರಿಕ ಮುಟ್ಟಿದ್ದು ನಮ್ಮ ಕನ್ನಡನಾಡಿನ ವ್ಯಾಪಾರಸ್ಥರು. ಸಾಕ್ಷಿ ಎಲ್ಲಿದೆ? ಸೋಮನಾಥಪುರದ ಗುಡಿ ಗೋಡೇಲಿದೆ. ದೇವತೆಗಳ ಕೈಯಲ್ಲಿ ಮುಸುಕಿನ ಜೋಳದ ತೆನೆ, ಕಾಳಿಗೆ ಕಾಳು ಅಂಟ್ಕೊಂಡು, ಸಾಲು ಸಾಲಾಗಿ. ಆ ಬೆಳೆ ಹುಟ್ಟಿದ್ದು ಅಮೆರಿಕದಲ್ಲಿ. ಹಂಗಾದ್ರೆ ಯಾರೋ ಹೋಗಿ ತರ್ದೇ ನಮ್ಮ ಶಿಲ್ಪಿ ಕಣ್ಣಿಗೆ ಹೆಂಗ್ ಬಿತ್ತು? ಪಂಡಿತರು ಅದನ್ನ ಮುತ್ತು ಜೋಡಿಸಿರೋ ಹಣ್ಣು ಅಂತಾರೆ. ಅನ್ಲಿ. ತೆನೆ ಕಣಯ್ಯಾ ಅದು. ಸಂತೇಲಿ ಸುಟ್ಟು, ಉಪ್ಪು-ಕಾರ-ನಿಂಬೆಹಣ್ಣು ಉಜ್ಜಿ ಕೊಡ್ತಾರಲ್ಲ, ಅದೇ ತೆನೆ.

ನಂಗೆ ಇದು ಎಷ್ಟು ಮುಖ್ಯ ಅಂತ ನಿಂಗೊತ್ತು. ಅಂಗಡೀಲಿ ಹಮಾಲಿಯಿಂದ ಹಿಡಿದು ನಮ್ಮಪ್ಪನ ತನಕ ಎಲ್ರೂ ನಕ್ಕೋರೇ. ಚೀಲ ಮಾರೋನಿಗೆ ಇತಿಹಾಸ ಯಾಕೋ ಅಂತ ನಮ್ಮಪ್ಪ ತಕ್ಕಡಿ ಸರಪಳೀಲಿ ಬಾರಿಸಿದ್ದ, ಬೆನ್ನ ಮೇಲೆ ಇನ್ನೂ ಬರೆ ಇದೆ. ಅಂಥಾದ್ರಲ್ಲಿ ರಾಮಾನುಜ ಮೇಷ್ಟ್ರಂಥ ಪ್ರೊಫೆಸರ್ರು ಅಧ್ಯಕ್ಷರಾಗಿ ಬಂದು ಕೂತಿದಾರೆ. ಮೊದಲ್ನೇ ಸಾಲಲ್ಲಿ ನನ್ ಮಗಳು ಮಾನ್ಯ, ಪರದೆ ಮೇಲೆ ಫೋಟೋ ಹಾಕೋಳೂ ಅವಳೇ. ಅಪ್ಪ ಅಂದ್ರೆ ಏನೋ ಒಂದು ಅಂತ ಅವ್ಳಿಗೆ ಅವತ್ತು ಅನ್ನಿಸ್ಬೇಕಿತ್ತು ಕಣೋ.

ಅಂಥಾ ದಿನ ನೀನು ಮಾಡಿದ್ದೇನು? ಉಪನ್ಯಾಸ ಅಂದ್ಮೇಲೆ ಮೊದ್ಲ ಪ್ರಶ್ನೆ ಕೇಳೋಕೆ ನಮ್ಮೋರೇ ಒಬ್ರನ್ನ ಕೂರಿಸಿರ್ತಾರೆ, ಈ ಊರಲ್ಲಿ ಎಲ್ರೂ ಮಾಡೋದೇ. ಸಂಪಿಗೆ ರಸ್ತೇಲಿ ಕಾಫಿ ಕುಡೀತಾ ನಿಂಗೆ ಹೇಳ್ಕೊಟ್ಟಿದ್ದೆ. "ಸಾರ್, ಈ ತೆನೇನ ನೀವು ಮೊದಲು ಗುರುತಿಸಿದ್ದು ಯಾವಾಗ?" ಅಂತ ಕೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದಿದ್ದೆ. ನೀನು ಹೂಂ ಅಂದೆ. ಬಿಲ್ಲೂ ನೀನೇ ಕೊಟ್ಟೆ. ಸಭೇಲಿ ಎದ್ದು ನಿಂತು ಕೇಳಿದ್ದೇನು? ಚೀನಾದಿಂದ ಒಬ್ಬ ಬೌದ್ಧ ಭಿಕ್ಷು ಪೂರ್ವದ ಸಮುದ್ರ ದಾಟಿ ಯಾವುದೋ ದೇಶಕ್ಕೆ ಹೋಗಿಬಂದಿದ್ದ, ಅದು ಅಮೆರಿಕಾನೇ ಅಂತ ಕೆಲವ್ರು ಹೇಳ್ತಾರೆ, ಅದು ಈ ಗುಡಿಗಿಂತ ಏಳ್ನೂರು ವರ್ಷ ಹಿಂದಿನ ಮಾತು, ಹಂಗಾದ್ರೆ ಮೊದ್ಲು ಮುಟ್ಟಿದ್ದು ಬುದ್ಧನ ಕಡೆಯೋರಲ್ವಾ ಸಾರ್ ಅಂತ.

ನಿಮ್ಮಪ್ಪ ಆಂಜಿನಯ್ಯನೋರು ಬೌದ್ಧರಾದ್ರು, ಮನೇಲಿ ಬುದ್ಧನ ಪಟ ಇದೆ, ಎಲ್ಲಾ ಸರಿ. ಅದನ್ನ ಅಲ್ಲೇ ತೆಗೀಬೇಕಿತ್ತಾ? ಸಭೆ ಸಭೇನೇ ನಕ್ತು. ಚಪ್ಪಾಳೆ ಬೇರೆ. ರಾಮಾನುಜ ಮೇಷ್ಟ್ರು ಕನ್ನಡಕ ತೆಗೆದು, ಒಳ್ಳೇ ಪ್ರಶ್ನೆ, ಎರಡಕ್ಕೂ ಪುರಾವೆ ಅಷ್ಟಕ್ಕಷ್ಟೇ, ಈಗ ಶಾಲು ಹೊದಿಸೋಣ ಅಂದ್ಬಿಟ್ರು. ನನ್ನ ಮೂವತ್ತು ವರ್ಷ, ಅಷ್ಟಕ್ಕಷ್ಟೇ. ಮಾನ್ಯಾನೂ ನಕ್ಳು. ನಾನು ನೋಡ್ದೆ.

ಆಮೇಲೆ ರೂಮಿಗೆ ಬಂದ್ವಿ. ಇಲ್ಲಿಂದ ಸರಿಯಾಗಿ ಕೇಳಿಸ್ಕೋ, ಇದೇ ಮುಖ್ಯ. ಅಧ್ಯಕ್ಷರಿಗೆ ಸ್ಮರಣಿಕೆ ಕೊಡೋಕೆ ಅಂತ ಶಿವಾರಪಟ್ಟಣದ ಶಿಲ್ಪಿ ಹತ್ರ ಕಲ್ಲಿನ ತೆನೆ ಕೆತ್ತಿಸಿದ್ನಲ್ಲ, ಮೊಳದುದ್ದದ್ದು. ಗಲಾಟೇಲಿ ಕೊಡೋದೇ ಮರೆತೋಯ್ತು, ಕೈಲೇ ಇತ್ತು. ಹಣ್ಣಿನ ಬುಟ್ಟಿ ಕಾಲಿಗೆ ತೊಡರ್ತು, ಕೈ ಜಾರ್ತು, ಕಲ್ಲು ನಿನ್ ಮುಖಕ್ಕೆ ಬಿತ್ತು. ಅಷ್ಟೇ. ತಲೆ ಆಡ್ಸು.

ಆಡ್ಸೋ.

ಏನು ಹಂಗೆ ನೋಡ್ತೀಯಾ? ಜಾರಿದ ಕಲ್ಲು ಕಾಲ್ಮೇಲೆ ಬೀಳುತ್ತೆ, ಕೆಳಗಿನಿಂದ ಮೇಲಕ್ಕೆ ಹಾರಿ ದವಡೆ ಮುರಿಯಲ್ಲ ಅಂತಾನಾ? ಡಾಕ್ಟ್ರು ಬರ್ದಿದಾರಾ ಹಂಗಂತ? ಬರ್ದಿರ್ತಾರೆ. ನಾಲ್ಕಕ್ಷರ ಕಲ್ತೋರಿಗೆಲ್ಲ ನನ್ನ ಮಾತು ಸುಳ್ಳು ಮಾಡೋದೇ ಕೆಲ್ಸ.

ಇದೇನಿದು, ಮಂಚದ ಪಕ್ಕ ಕಟಿಂಗ್ ಪ್ಲೇಯರ್? ಓಹೋ, ವಾಂತಿ ಬಂದ್ರೆ ಉಸ್ರು ಕಟ್ಟುತ್ತೆ, ಅದಕ್ಕೆ ತಕ್ಷಣ ತಂತಿ ಕತ್ತರಿಸೋಕೆ. ಚೆನ್ನಾಗಿ ಯೋಚ್ನೆ ಮಾಡಿದಾರೆ. ಬಾಯೊಳಗೆ ಎಷ್ಟು ಕಡೆ ಕಟ್ಟಿದಾರೆ ತಂತಿ? ತೋರ್ಸು... ಯಾಕೆ ಗೋಡೆ ಕಡೆ ಸರೀತೀಯಾ? ಕೈಯಲ್ಲಿ ಹಿಡ್ಕೊಂಡು ನೋಡ್ಬಾರ್ದಾ? ಇದನ್ನ ಹಿಂಗೆ ಒಳಗೆ ತೂರಿಸಿ ಒಂದ್ಸಲ ಅಮುಕಿದ್ರೆ ತಂತಿ ಹೋಗುತ್ತೋ, ನಾಲಿಗೆ ಹೋಗುತ್ತೋ, ದೇವ್ರೇ ಬಲ್ಲ. ಹೆದರ್ಕೊಂಡ್ಯಾ? ನನಗಾ? ತಗೋ, ಇಟ್ಟೆ. ಇದ್ದ ಜಾಗದಲ್ಲೇ ಇಟ್ಟೆ. ಭಾಗ್ಯಮ್ಮನ್ನ ಕರೀಬೇಡ, ಗೋಡೆ ಕುಟ್ಬೇಡ.

ಸರಿ. ಹೊಡೆದೆ. ಆಯ್ತಾ? ಒಪ್ಕೋತೀನಿ, ಹೊಡೆದೆ. ಆದ್ರೆ ಯಾಕೆ ಹೊಡೆದೆ ಅನ್ನೋದನ್ನೂ ಬರೀಬೇಕು. ನೀನು ನಮ್ಮಪ್ಪನ ಹೆಸ್ರು ಎತ್ತಿ ಬೈದೆ. ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಉಸಿರಾಡಕ್ಕಾಗ್ದೆ ಕೈಗೆ ಸಿಕ್ಕಿದ್ದು ಎತ್ತಿ ಬೀಸ್ದೆ. ಒಂದೇಟು. ಆ ಸದ್ದು ನಂಗೂ ಕೇಳಿಸ್ತು, ಒಣ ತೆಂಗಿನ ಚಿಪ್ಪು ಒಡೆದಂಗೆ. ನಿದ್ದೇಲೂ ಕೇಳುತ್ತೆ. ಆಮೇಲೆ ನೀನು ಕೈಯಿಂದ ಬಾಯಿ ಮುಚ್ಕೊಂಡೆ, ಬೆರಳ ಸಂದಿಯಿಂದ ರಕ್ತ ಸುರೀತು, ನಂಗೆ ಹೊದಿಸಿದ್ದ ಹೊಸಾ ಶಾಲು ಪೂರ್ತಿ ನೆನೆದೋಯ್ತು. ಒಂದು ಹಲ್ಲು ಹಣ್ಣಿನ ಬುಟ್ಟೀಲಿ ಮೂಸಂಬಿ ಮೇಲೆ ಕೂತಿತ್ತು. ಬಿದ್ದ ನಿನ್ನ ನಾನೇ ಎತ್ತೋಕೆ ಬಂದೆ.

ಎತ್ತೋಕೇ ಬಂದಿದ್ದು.

ಕೈ ಯಾಕೆ ತೋರಿಸ್ತೀಯಾ? ಎರಡು ಬೆರಳು. ಎರಡೇಟಾ... ಹೂಂ. ಭುಜಕ್ಕೆ ಇನ್ನೊಂದು. ಪಕ್ಕೆಗೆ ಒದ್ದೆ ಕೂಡ, ನೀನೇನೂ ತೋರಿಸ್ಬೇಡ, ನಾನೇ ಹೇಳ್ತೀನಿ. ಬಿದ್ದೋನಿಗೆ ಒದ್ದೆ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ, ಏನ್ಮಾಡ್ಲಿ ಈಗ? ಕಾಲು ಹಿಡೀಲಾ? ಹಿಡೀತೀನಿ. ಆಸ್ಪತ್ರೆ ಖರ್ಚೆಲ್ಲ ನಂದು. ಗೆಳೆಯರು ಕುಡಿದ ಅಮಲಲ್ಲಿ ಹೊಡೆದಾಡ್ಕೊಂಡ್ವಿ ಅಂತ ಬರಿ ಬೇಕಾದ್ರೆ. ಯಾರು ಕುಡಿದಿದ್ರು ಅನ್ಬೇಡ, ನಾವಿಬ್ರೂ ಕುಡಿಯಲ್ಲ ಅಂತ ನಂಗೂ ಗೊತ್ತು, ಸುಮ್ನೆ ಬರಿ.

ಮತ್ತೇನು? ಆ ಪ್ರಶ್ನೆ ವಿಷ್ಯನಾ? ನಾನು ಹೇಳ್ಕೊಟ್ಟಿದ್ದನ್ನ ನೀನು ಯಾಕೆ ಕೇಳ್ಲಿಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ. ಸ್ಕೂಲ್ ಟೂರಲ್ಲಿ ಸೋಮನಾಥಪುರಕ್ಕೆ ಹೋದಾಗ ಗೋಡೆ ಮೇಲೆ ಬೆರಳಿಟ್ಟು "ಲೇ ಶಂಭು, ಜೋಳದ ತೆನೆ ನೋಡೋ" ಅಂದೋನು ನೀನೇ. ನಾನು ಮೇಷ್ಟ್ರಿಗೆ ಕಾಣ್ದಂಗೆ ಹುಣಸೆಹಣ್ಣು ಚೀಪ್ತಾ ಕೂತಿದ್ದೆ. ಮೊದ್ಲು ಕಂಡೋನು ನೀನು. ಆ ಕತೇನ ನಂದು ಅಂತ ನಾನು ಹೇಳೋಕೆ, ನಿನ್ ಬಾಯಲ್ಲೇ ಪ್ರಶ್ನೆ ಕೇಳಿಸ್ತಿದ್ದೆ. ಇಷ್ಟು ವರ್ಷದಲ್ಲಿ ನೀನು ಒಂದ್ಸಲಾನೂ ಅದು ನಂದು ಅನ್ಲಿಲ್ಲ. ಅನ್ಬೇಕಿತ್ತು ಕಣೋ. ಯಾಕನ್ಲಿಲ್ಲ? ಅವತ್ತೂ ಅದನ್ನ ಬಿಟ್ಟು ಆ ಭಿಕ್ಷು ಕತೆ ತೆಗೆದೆ. ಸಭೆ ಮುಂದೆ ಸುಳ್ಳು ಹೇಳೋದು ತಪ್ಪಿಸಿ ನನ್ನ ಮರ್ಯಾದೆ ಉಳಿಸ್ತಿದೀನಿ ಅಂದ್ಕೊಂಡಿರ್ತೀಯಾ ನೀನು.

ತಗೋ, ಅದನ್ನೂ ಹೇಳಿಯಾಯ್ತು. ಇನ್ನೂ ಯಾಕೆ ನೋಡ್ತಿದೀಯಾ?

ಪೆನ್ನು ಕೈಗೆ ತಗೊಂಡ್ಯಲ್ಲ. ಬರಿ. ಏನು ಬರೀತೀಯಾ? ಲಕ್ಷ್ಮೀಶ... ಆ ಮಾತು ಬರೀತೀಯಾ?

ಯಾರೂ ಕೇಳಿಸ್ಕೊಂಡಿಲ್ಲ ಅದನ್ನ. ಬಾಗ್ಲು ಹಾಕಿತ್ತು. ಕೋಪದಲ್ಲಿ ಜನ ಏನೇನೋ ಅಂತಾರೆ. ನಾನೇನಂದೆ ಅಂಥಾದ್ದು? "ಸಮುದ್ರ ದಾಟೋದು ಆಮೇಲಿರ್ಲಿ, ನಿಮ್ಮೋರು ಗುಡಿ ಹೊಸ್ತಿಲು ಯಾವತ್ತು ದಾಟಿದ್ರೋ?" ಅಷ್ಟೇ ಅಂದಿದ್ದು. ಅಷ್ಟೇ... ಇಲ್ಲ. ಮುಂದೆ ನಿನ್ ಜಾತಿ ಹೆಸ್ರು ಹಿಡಿದೂ ಕರೆದೆ. ಹೂಂ. ನಮ್ಮಪ್ಪ ಹಮಾಲಿಗಳನ್ನ ಕರೀತಿದ್ನಲ್ಲ, ಹಂಗೇ. ನಿನ್ನ ತಟ್ಟೇಲಿ ಉಂಡು ಬೆಳೆದೋನು ನಾನು. ನಿಮ್ಮಮ್ಮ ಕೈಯಾರೆ ಮುದ್ದೆ ಮುರಿದು ಇಟ್ಟ ಬಾಯಿ ಇದು. ಎಲ್ಲಿತ್ತೋ ಆ ಮಾತು ಇಷ್ಟು ದಿನ, ನಾಲಿಗೆ ತುದೀಲೇ ಕಾಯ್ತಾ ಕೂತಿದ್ದಂಗೆ ಬಂದ್ಬಿಡ್ತು.

ನೀನು ನಮ್ಮಪ್ಪನ್ನ ಬೈದಿಲ್ಲ. ಕಾಲರ್ ಹಿಡೀಲಿಲ್ಲ. ನಗ್ತಾ ನಗ್ತಾ ಬಂದೋನು, ನಾನು ಹಂಗಂದ ತಕ್ಷಣ ನಿಂತ್ಬಿಟ್ಟೆ. ನಿಂತು ನೋಡ್ದೆ. ಈಗ ನೋಡ್ತಿದೀಯಲ್ಲ, ಹಿಂಗೇ. ಮಾತು ಆಡಿ ಆಗಿತ್ತು, ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ, ನಿನ್ ಕಣ್ಣು ನೋಡೋಕೂ ಆಗಲ್ಲ. ಆ ನೋಟ ನಿಲ್ಸೋಕೇ ಕಣೋ ನಾನು ಕಲ್ಲೆತ್ತಿದ್ದು.

ಹೊಡೆದ ಅಂತ ಬರಿ. ಎರಡೇಟು ಅಂತ ಬರಿ, ಬಿದ್ದೋನಿಗೆ ಒದ್ದ ಅಂತ ಬರಿ, ಕೊಲ್ಲೋಕೇ ಬಂದಿದ್ದ ಅಂತ ಬೇಕಾದ್ರೂ ಬರಿ. ನಾನೇ ಸ್ಟೇಷನ್ನಿಗೆ ಹೋಗಿ ಕೂರ್ತೀನಿ. ಆ ಮಾತೊಂದು ಬರೀಬೇಡ. ಮಾನ್ಯ ಓದ್ತಾಳೆ ಕಣೋ. ನಿನ್ನ ಮಾಮ ಅಂತಾಳೆ ಅವಳು.

ಲಕ್ಷ್ಮೀಶ. ಬರಿಯೋದು ನಿಲ್ಸಿ ಈ ಕಡೆ ನೋಡೋ. ಹೂಂ ಅಂತಾನೋ, ಊಹೂಂ ಅಂತಾನೋ, ತಲೆ ಆಡ್ಸೋ.