ಕಿನ್ನಿಯಕ್ಕನ ಮೈಮೇಲಿದ್ದ ಅಂಗಿ

ಕಿನ್ನಿಯಕ್ಕನ ಭುಜ ಮುರಿದದ್ದು ಅವರ ಮನೆಯಂಗಳದಲ್ಲಲ್ಲ, ಉದ್ಯೋಗ ಖಾತರಿಯ ಸುರಂಗದೊಳಗೆ. ಅಂಗಳದಲ್ಲಿ ಜಾರಿ ಬಿದ್ದರು ಎಂದು ಆಸ್ಪತ್ರೆಯಲ್ಲಿ ಬರೆಸಿದ್ದು ಸುಳ್ಳು.

ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಗೆಂದು ಇಟ್ಟಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ. ಸಭೆಯ ಅಧ್ಯಕ್ಷರೇ, ಬಾಯಾರಿನಿಂದ ಬಂದಿರುವ ಅತಿಥಿಗಳೇ, ಶಾಲು ಹೊದ್ದು ಕುಳಿತಿರುವ ನಮ್ಮ ವಾರ್ಡಿನ ಕೂಲಿಯವರ ಮುಂದಾಳು, ಮೇಟ್ ಪುಷ್ಪಾವತಿಯವರೇ, ಸಭಿಕರೇ, ವಂದನೆಗಳು. ದಯವಿಟ್ಟು ಮೈಕ್ ಆಫ್ ಮಾಡಬೇಡಿ. ಅಭಿನಂದನೆಯ ಮಾತಿಗೆ ಕರೆದಿದ್ದೀರಿ, ಅಭಿನಂದಿಸಿಯೇ ಇಳಿಯುತ್ತೇನೆ.

ಗುಡ್ಡದೊಳಗಿನ ನೀರು ಊರಿಗೆ ತರುವ ಸುರಂಗ ಅದು. ಹೂಳು ತುಂಬಿದ್ದ ಅದರೊಳಗೆ ಗಂಡಸರು ಹೋಗಲಿಲ್ಲ. ಪುಷ್ಪಾವತಿಯವರು ಹೋದರು. ಅವರ ಹಿಂದೆ ಹೆಂಗಸರೆಲ್ಲ ಗುಡ್ಡದ ಹೊಟ್ಟೆಯೊಳಗೆ ತೆವಳಿ ಮಣ್ಣು ಎಳೆದರು. ಈಗ ನೀರು ಬರುತ್ತಿದೆ. ಅದು ಸುಳ್ಳಲ್ಲ. ಆ ನೀರನ್ನು ನಾನೂ ಕುಡಿಯುತ್ತೇನೆ. ಅತಿಥಿಗಳಿಗೆ ಗೊತ್ತಿರಲಾರದು, ಪುಷ್ಪಾವತಿಯವರು ನನ್ನ ಅಮ್ಮ.

ಮಣ್ಣು ಕುಸಿದ ದಿನ ಕಿನ್ನಿಯಕ್ಕನನ್ನು ಹೊರಗೆ ಎಳೆದದ್ದೂ ಅಮ್ಮನೇ. ಆಗ ಓವರ್‌ಸಿಯರ್ ಪ್ರೇಮನಾಥರು, ಇಲ್ಲಿ ಮೊದಲ ಸಾಲಿನಲ್ಲೇ ಇದ್ದಾರೆ, ಅಮ್ಮನಿಗೆ ಹೇಳಿದರಂತೆ: "ಸುರಂಗ ಅಂತ ಹೇಳಿದರೆ ನಾಳೆಯಿಂದ ಎಲ್ಲರ ಕೆಲಸ ಬಂದ್. ಅಂಗಳ ಅಂತ ಹೇಳಿ ಮಾರಾಯ್ತಿ, ನಿಮಗೆ ಎಂತ ನಷ್ಟ ಉಂಟು?" ಅಮ್ಮನೂ ಉಳಿದವರೂ ಕಿನ್ನಿಯಕ್ಕನನ್ನು ಹೊತ್ತು ತಂದು ಅವರ ಅಂಗಳದಲ್ಲಿ ಮಲಗಿಸಿದರು. ಪಕ್ಕದಲ್ಲಿ ಪೊರಕೆ ಇಟ್ಟರು. ಆಮೇಲೆ ಆಟೋ ಕರೆದರು.

ಒಂದನ್ನು ಮರೆತರು. ನಮ್ಮಲ್ಲಿ ಮಣ್ಣಿನ ಕೆಲಸಕ್ಕೆ ಹೋಗುವಾಗ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ಹಾಕುತ್ತಾರೆ. "ಅಂಗಿ ಹಾಕಿದ ಮೇಲೆ ನಾವೇ ಯಜಮಾನರು, ಸೀರೆ ಮಾತ್ರ ಹೆಂಗಸರದ್ದು" ಎಂದು ಜೊತೆ ಕೆಲಸದ ನುಸೈಬಾತ್ತ ನಗಿಸುತ್ತಿದ್ದರು. ಕಿನ್ನಿಯಕ್ಕನ ಮೈಮೇಲಿದ್ದ ಆ ಅಂಗಿಯನ್ನು ಯಾರೂ ಬಿಚ್ಚಲಿಲ್ಲ. ಹೇಳಿ, ಅಂಗಳ ಗುಡಿಸಲು ಯಾರಾದರೂ ಗಂಡಸಿನ ಅಂಗಿ ಹಾಕುತ್ತಾರೆಯೇ? ಅದೂ ಮೊಣಕೈವರೆಗೆ ಸುರಂಗದ ಬಿಳಿ ಜೇಡಿ ಮೆತ್ತಿದ್ದನ್ನು? ನಮ್ಮ ಅಂಗಳಗಳ ಮಣ್ಣು ಕೆಂಪಲ್ಲವೇ?

ನೀಲಿ ಗೆರೆಯ ಅಂಗಿ ಅದು. ನನ್ನ ಅಪ್ಪನದು. ಅಪ್ಪ ತೀರಿಹೋದ ಮೇಲೆ ಅಮ್ಮ ಅದನ್ನು ಗೆಳತಿಗೆ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಅದರ ತೋಳು ಕತ್ತರಿಸಿದರು. ಅಮ್ಮ ಮನೆಗೆ ತಂದು ಒಗೆದರು, ತೋಳನ್ನು ಮತ್ತೆ ಹೊಲಿದರು. ಯಾರಿಗೆಂದು ಹೊಲಿದಿರಿ ಎಂದು ನಾನು ಕೇಳಲಿಲ್ಲ.

ನಾನು ಉದ್ಯೋಗ ಖಾತರಿ ಕೆಲಸಗಳನ್ನು ಪರಿಶೀಲಿಸುವ ಆಡಿಟ್ ತಂಡದವಳಲ್ಲ. ಅವರು ಹಂಚಿದ ಕರಪತ್ರಗಳನ್ನು ಪೂರ್ತಿ ಓದಿದವಳು, ಅಷ್ಟೆ. "ಕರಪತ್ರದಿಂದ ಅನ್ನ ಬೇಯ್ತದಾ ಸುಪ್ರೀತಾ?" ಎಂದು ಅಮ್ಮ ಕೇಳುತ್ತಾರೆ. ಬೇಯುವುದಿಲ್ಲ. ಆದರೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಚಿಕಿತ್ಸೆ ಸರಕಾರದ್ದು ಎಂದು ಅದರಲ್ಲುಂಟು. ಕಿನ್ನಿಯಕ್ಕನ ಭುಜಕ್ಕೆ ಇನ್ನೊಂದು ಆಪರೇಷನ್ ಆಗದಿದ್ದರೆ ಆ ಕೈ ಮೇಲೇಳುವುದಿಲ್ಲ. ನಿನ್ನೆ ನಾನೇ ಅವರ ತಲೆ ಬಾಚಿದೆ. "ನಿನ್ನ ಅಮ್ಮನನ್ನು ಬೈಬೇಡ ಮಗಾ. ಮಣ್ಣೊಳಗಿಂದ ನನ್ನ ಕಾಲು ಹಿಡಿದು ಎಳೆದದ್ದು ಅವಳೊಬ್ಬಳೇ" ಎಂದರು.

ಬೈಯಲು ಬಂದಿಲ್ಲ. ಅಮ್ಮಾ, ಈ ಶಾಲಿಗೆ ನೀವು ಅರ್ಹರು. ಗುಡ್ಡದೊಳಗೆ ಹೆದರದವರು ಈ ಮೊದಲ ಸಾಲಿನವರ ಮುಂದೆ ಯಾಕೆ ಹೆದರಬೇಕು?

ಬರುವ ಸೋಮವಾರ ಆಡಿಟ್ ತಂಡ ಬರುತ್ತದೆ. ನಡೆದದ್ದನ್ನು ಕಂಡವರೇ ಬಾಯಿಬಿಟ್ಟು ಹೇಳಬೇಕು; ಕೇಳಿ ತಿಳಿದ ನನ್ನ ಮಾತು ಸಾಲದು. ಅಂದು ಎಲ್ಲರೂ ಕೆಲಸದ ಅಂಗಿ ಹಾಕಿಕೊಂಡೇ ಬನ್ನಿ. ಅಪ್ಪನ ಅಂಗಿ ನಾನು ತರುತ್ತೇನೆ. ಹಾಕಿಕೊಳ್ಳುವುದು ಅಮ್ಮನಿಗೆ ಬಿಟ್ಟದ್ದು.

ಇಷ್ಟು ಹೊತ್ತು ಮೈಕ್ ಉಳಿಸಿಕೊಟ್ಟವರಿಗೆ ಕೃತಜ್ಞತೆಗಳು. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಸುರಂಗದ ಬಾಯಲ್ಲಿ. ನಮಸ್ಕಾರ.